ಹಿಂತಿರುಗಿ ಬಂದ ಒಬ್ಬ

ಸಾಧಾರಣ ಕಾಲದ 28ನೆಯ ಭಾನುವಾರ – ‘ಸಿ’ ವರ್ಷ
ವಾಚನಗಳು: 2 ಅರಸುಗಳು 5:14-17, ಕೀರ್ತನೆ 98, 2 ತಿಮೊಥೇಯ 2:8-13, ಲೂಕ 17:11-19



ಈ ಭಾನುವಾರದ ಶುಭಸಂದೇಶ ಆರಂಭವಾಗುವುದೇ ಒಂದು ಗಡಿಯಲ್ಲಿ. ಜೆರುಸಲೇಮಿಗೆ ಹೊರಟ ಯೇಸುಸ್ವಾಮಿ ಸಮಾರಿಯ ಮತ್ತು ಗಲಿಲೇಯ ಪ್ರಾಂತ್ಯಗಳ ನಡುವಿನ ಹಾದಿಯಲ್ಲಿ ಸಾಗಿದರು ಎಂದು ಸಂತ ಲೂಕರು ತಿಳಿಸುತ್ತಾರೆ. ಬೇರೆ ಊರಿನವರಿಗೆ ಇದು ಬರೀ ದಾರಿಯ ವಿವರ. ತಾಳವಾಡಿ ಸೀಮೆಯಲ್ಲಿ ಬಾಳುವ ನಮಗೆ ಹಾಗಲ್ಲ. ನಮಗೆ ಪೇಟೆ ವ್ಯಾಪಾರಕ್ಕೆ ಚಾಮರಾಜನಗರ ಹತ್ತಿರ. ಸರ್ಕಾರದ ಕೆಲಸಕ್ಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಸತ್ಯಮಂಗಲಕ್ಕೋ ಈರೋಡಿಗೋ ಹೋಗಬೇಕು. ಮನೆಯೊಳಗೆ ಕನ್ನಡ, ಬಸ್ಸಿನ ಬೋರ್ಡಿನಲ್ಲಿ ತಮಿಳು. ರೇಷನ್ ಕಾರ್ಡು ಒಂದು ಭಾಷೆಯಲ್ಲಿ, ಜಪಸರ ಇನ್ನೊಂದು ಭಾಷೆಯಲ್ಲಿ. ಮಗಳನ್ನು ಕೊಟ್ಟದ್ದು ಗಡಿಯ ಆಚೆಗೆ, ಸೊಸೆಯನ್ನು ತಂದದ್ದೂ ಆಚೆಯಿಂದಲೇ. ಎರಡೂ ಕಡೆಯವರು ನಮ್ಮವರು. ಆದರೂ ಎರಡೂ ಕಡೆ ಯಾರಾದರೂ ಒಬ್ಬರು ‘ನೀವು ಆ ಕಡೆಯವರಲ್ಲವೇ?’ ಎಂದು ಕೇಳಿಯೇ ಕೇಳುತ್ತಾರೆ.

ಅಂಥ ಒಂದು ಗಡಿಯ ಹಳ್ಳಿಯಲ್ಲಿ ಹತ್ತು ಜನ ಕುಷ್ಠರೋಗಿಗಳು ಯೇಸುವಿಗೆ ಎದುರಾಗುತ್ತಾರೆ. ಅವರು ಹತ್ತಿರ ಬರುವಂತಿಲ್ಲ. ಯಾಜಕಕಾಂಡದ ನಿಯಮದಂತೆ ಅವರು ಹರಿದ ಬಟ್ಟೆ ತೊಟ್ಟು, ತಲೆಗೂದಲು ಕೆದರಿಕೊಂಡು, ತಾವು ಅಶುದ್ಧರೆಂದು ತಾವೇ ಕೂಗಿ ಹೇಳುತ್ತಾ ಪಾಳೆಯದ ಹೊರಗೆ ಇರಬೇಕಿತ್ತು. ಆದ್ದರಿಂದ ದೂರದಲ್ಲಿ ನಿಂತೇ ದನಿಯೆತ್ತಿ ದಯೆ ಬೇಡಿದರು. ಯೇಸು ಅವರನ್ನು ಮುಟ್ಟಲಿಲ್ಲ, ಮದ್ದು ಕೊಡಲಿಲ್ಲ. ಹೋಗಿ ಯಾಜಕರಿಗೆ ಮೈ ತೋರಿಸಿಕೊಳ್ಳಿ ಎಂದರು, ಅಷ್ಟೆ. ರೋಗ ವಾಸಿಯಾದವರು ಮಾಡಬೇಕಾದ ಕೆಲಸ ಅದು. ಇವರಿಗೆ ಇನ್ನೂ ವಾಸಿಯಾಗಿರಲಿಲ್ಲ. ಆದರೂ ಹೊರಟರು. ನಡೆಯುತ್ತಾ ಇರುವಾಗಲೇ ಶುದ್ಧರಾದರು.

ಮಳೆ ಬರುವ ಮೊದಲೇ ಹೊಲ ಉತ್ತು ಹಸನು ಮಾಡುವ ನಿಮಗೆ ಈ ನಡಿಗೆಯನ್ನು ವಿವರಿಸಬೇಕಾಗಿಲ್ಲ.

ನೋವಿನಲ್ಲಿ ಒಂದು, ಗುಣವಾದ ಮೇಲೆ ಬೇರೆ

ಈ ಹತ್ತು ಜನರನ್ನು ಒಮ್ಮೆ ಸರಿಯಾಗಿ ನೋಡೋಣ. ಅವರಲ್ಲಿ ಒಬ್ಬ ಸಮಾರಿಯದವನು. ಯೆಹೂದ್ಯರಿಗೂ ಸಮಾರಿಯದವರಿಗೂ ಹೊಕ್ಕುಬಳಕೆ ಇರಲಿಲ್ಲ. ಇವರ ಪೂಜೆ ಜೆರುಸಲೇಮಿನಲ್ಲಿ, ಅವರ ಪೂಜೆ ಗೆರಿಜೀಮ್ ಬೆಟ್ಟದಲ್ಲಿ. ಬಾವಿಯ ಬಳಿ ಸಮಾರಿಯದ ಹೆಂಗಸನ್ನು ಯೇಸು ನೀರು ಕೇಳಿದಾಗ ಆಕೆಗೇ ಆಶ್ಚರ್ಯವಾಯಿತೆಂದು ಸಂತ ಯೊವಾನ್ನರು ಬರೆಯುತ್ತಾರೆ. ಹೀಗಿರುವಾಗ ಈ ಗುಂಪಿನಲ್ಲಿ ಸಮಾರಿಯದವನು ಹೇಗೆ ಸೇರಿಕೊಂಡ? ರೋಗ ಸೇರಿಸಿತು. ಎರಡೂ ಊರಿನಿಂದ ಹೊರಗೆ ಹಾಕಿಸಿಕೊಂಡವರಿಗೆ ‘ನೀನು ಯಾವ ಬೆಟ್ಟದವನು’ ಎಂದು ಕೇಳುವ ಉಮೇದು ಉಳಿದಿರಲಿಲ್ಲ. ಒಂದೇ ಮರದ ಕೆಳಗೆ ಮಲಗಿದರು. ಯಾರೋ ದೂರದಲ್ಲಿ ಇಟ್ಟುಹೋದ ಅನ್ನವನ್ನು ಹಂಚಿಕೊಂಡರು.

ಆಮೇಲೆ ಗುಣವಾಯಿತು. ಒಂಬತ್ತು ಜನ ಯಾಜಕರ ಕಡೆಗೆ ನಡೆದರು, ಅಲ್ಲಿಂದ ತಂತಮ್ಮ ಮನೆಗಳಿಗೆ. ಸಮಾರಿಯದವನು ಮತ್ತೆ ಸಮಾರಿಯದವನಾದ. ನೋವು ಅಳಿಸಿದ್ದ ಗೆರೆಯನ್ನು ಸುಖ ಮತ್ತೆ ಎಳೆಯಿತು.

ಸಹೋದರರೇ, ಇದು ನಮ್ಮ ಕಥೆಯೂ ಹೌದು. 2020-21ರಲ್ಲಿ ಕೊರೋನಾ ಬಂದಾಗ ನಾವು ಹೇಗಿದ್ದೆವು ನೆನಪಿಸಿಕೊಳ್ಳಿ. ದೇವಾಲಯದ ಬಾಗಿಲು ಮುಚ್ಚಿತ್ತು. ಆ ದಿನಗಳಲ್ಲಿ ಅಕ್ಕಿಮೂಟೆ ಹೊತ್ತು ತಂದವನು ತಮಿಳಿನವನೋ ಕನ್ನಡದವನೋ ಎಂದು ಯಾರೂ ನೋಡಲಿಲ್ಲ. ಶವಪೆಟ್ಟಿಗೆಗೆ ಹೆಗಲು ಕೊಡಲು ನಾಲ್ಕು ಜನ ಸಿಕ್ಕರೆ ಸಾಕೆಂದು ಇದ್ದೆವು. ಈಗ? ಹಬ್ಬದ ದೊಡ್ಡ ಬಲಿಪೂಜೆ ಯಾವ ಭಾಷೆಯಲ್ಲಿ ಆಗಬೇಕು, ತೇರಿನ ಮುಂದೆ ಯಾರ ಹಾಡು ಮೊದಲು ಎಂಬ ಚರ್ಚೆಯಲ್ಲಿ ಪಾಲನಾ ಸಮಿತಿಯ ಎರಡು ಸಭೆಗಳು ಮುಗಿದುಹೋಗುತ್ತವೆ. ನಮ್ಮ ಧರ್ಮಕ್ಷೇತ್ರದಲ್ಲಿ ತಮಿಳು, ಮಲಯಾಳ, ಕನ್ನಡ, ಬಡಗ ಎಂದು ಹಲವು ನುಡಿಗಳಿವೆ. ಅವರವರ ನುಡಿಯಲ್ಲಿ ದೇವರನ್ನು ಕೊಂಡಾಡುವುದು ಎಲ್ಲರ ಹಕ್ಕು. ಕಡಿಮೆ ಸಂಖ್ಯೆಯಲ್ಲಿರುವ ನೀವು ಕನ್ನಡ ಬಲಿಪೂಜೆ ಕೇಳುವುದು ತಪ್ಪಲ್ಲ, ಅದನ್ನು ಕೇಳಲೇಬೇಕು. ಆದರೆ ಕಷ್ಟದಲ್ಲಿ ಹೆಗಲು ಕೊಟ್ಟವನನ್ನು ಸುಖದಲ್ಲಿ ಮರೆತು ಕೇಳಿದರೆ, ನಾವು ಆ ಒಂಬತ್ತು ಜನರ ಸಾಲಿಗೆ ಸೇರುತ್ತೇವೆ.

ಒಂಬತ್ತು ಜನ ಮಾಡಿದ ತಪ್ಪೇನು?

ಒಂಬತ್ತು ಜನರ ಪರವಾಗಿಯೂ ಒಂದು ಮಾತು ಹೇಳಬೇಕು. ಅವರು ಕೆಟ್ಟವರಲ್ಲ. ಅವರೂ ದಯೆ ಬೇಡಿದರು, ಯೇಸುವಿನ ಮಾತು ನಂಬಿ ಹೊರಟರು, ಹೇಳಿದ ಹಾಗೆಯೇ ಯಾಜಕರ ಬಳಿ ಹೋದರು. ಕಾನೂನು ಪಾಲಿಸಿದರು. ಮನೆಯಲ್ಲಿ ಹೆಂಡತಿ ಮಕ್ಕಳು ಎಷ್ಟು ವರ್ಷಗಳಿಂದ ಕಾದಿದ್ದರೋ! ಓಡಿ ಹೋಗಿ ಮಗುವನ್ನು ಎತ್ತಿಕೊಳ್ಳಬೇಕು ಎನ್ನಿಸುವುದು ಸಹಜ. ಯೇಸು ಅವರಿಗೆ ಕೊಟ್ಟ ಆರೋಗ್ಯವನ್ನು ಹಿಂದಕ್ಕೆ ಪಡೆಯಲೂ ಇಲ್ಲ. ಅವರು ವಾಸಿಯಾದವರಾಗಿಯೇ ಉಳಿದರು.

ಆದರೆ ಲೂಕರು ಇಲ್ಲಿ ಮೂರು ಬೇರೆ ಬೇರೆ ಕ್ರಿಯಾಪದಗಳನ್ನು ಬಳಸುತ್ತಾರೆ. ಹತ್ತು ಜನ ಶುದ್ಧರಾದರು. ಅವರಲ್ಲಿ ಒಬ್ಬ, ತಾನು ಗುಣವಾದೆನೆಂದು ಕಂಡುಕೊಂಡ. ಹಿಂತಿರುಗಿ ಬಂದ ಆ ಒಬ್ಬನಿಗೆ ಮಾತ್ರ ಯೇಸು, ನಿನ್ನ ವಿಶ್ವಾಸ ನಿನ್ನನ್ನು ಉದ್ಧಾರ ಮಾಡಿದೆ ಎಂದು ಹೇಳುತ್ತಾರೆ. ಚರ್ಮ ಶುದ್ಧವಾಗುವುದು ಒಂದು, ಮನುಷ್ಯ ಉದ್ಧಾರವಾಗುವುದು ಇನ್ನೊಂದು. ಒಂಬತ್ತು ಜನರಿಗೆ ವರ ಸಿಕ್ಕಿತು. ಹತ್ತನೆಯವನಿಗೆ ವರ ಕೊಟ್ಟವರೂ ಸಿಕ್ಕಿದರು. ಸಂತೋಷ ಎಂದು ನಾವು ಕರೆಯುವುದು ಅದನ್ನೇ.

ಲೂಕರು ಬರೆದ ಗ್ರೀಕ್ ಭಾಷೆಯಲ್ಲಿ ಸಂತೋಷಕ್ಕೆ ‘ಖಾರಾ’ ಎನ್ನುತ್ತಾರೆ, ಕೃಪೆಗೆ ‘ಖಾರಿಸ್’. ಅದೇ ಬೇರಿನಿಂದ ಹುಟ್ಟಿದ ಮತ್ತೊಂದು ಪದ ‘ಯೂಖಾರಿಸ್ತಿಯಾ’, ಅಂದರೆ ಕೃತಜ್ಞತಾಸ್ತುತಿ. ನಾವು ಪ್ರತಿ ಭಾನುವಾರ ಪೀಠದ ಸುತ್ತ ಸೇರಿ ಅರ್ಪಿಸುವ ಪರಮಪ್ರಸಾದದ ಬಲಿಗೆ ಧರ್ಮಸಭೆ ಮೊದಲಿನಿಂದ ಇಟ್ಟುಕೊಂಡ ಹೆಸರು ಅದೇ. ಸಮಾರಿಯದವನು ಯೇಸುವಿನ ಪಾದಕ್ಕೆ ಬಿದ್ದು ಉಪಕಾರ ನೆನೆದ ಎನ್ನುವಾಗಲೂ ಲೂಕರು ಆ ಪದವನ್ನೇ ಬಳಸಿದ್ದಾರೆ. ದೇವರ ಕೃಪೆ ಮೊದಲು. ಅದನ್ನು ಗುರುತಿಸಿದವನ ಬಾಯಲ್ಲಿ ಸ್ತುತಿ. ಸ್ತುತಿಸುವವನ ಎದೆಯಲ್ಲಿ ಸಂತೋಷ. ಒಂದೇ ಬಳ್ಳಿಯ ಬೇರು, ಹೂವು, ಕಾಯಿ ಇದ್ದ ಹಾಗೆ. ಬೇರು ಕಡಿದು ಕಾಯಿ ಬೇಕು ಎಂದರೆ ಎಲ್ಲಿಂದ ಬರಬೇಕು?

ಎರಡು ಹೇಸರಗತ್ತೆ ಹೊರುವಷ್ಟು ಮಣ್ಣು

ಮೊದಲನೆಯ ವಾಚನದ ನಾಮಾನನೂ ಗಡಿಯಾಚೆಯವನು, ಸಿರಿಯಾದ ಸೇನಾಪತಿ. ಅವನಿಗೆ ದಾರಿ ತೋರಿಸಿದವಳು ಅವನ ಮನೆಯಲ್ಲಿ ಕೆಲಸಕ್ಕಿದ್ದ, ಯುದ್ಧದಲ್ಲಿ ಸೆರೆಸಿಕ್ಕ ಇಸ್ರಯೇಲಿನ ಒಬ್ಬ ಹುಡುಗಿ. ಜೋರ್ಡನ್ ನದಿಯಲ್ಲಿ ಏಳು ಸಲ ಮುಳುಗಿ ಏಳು ಎಂದು ಪ್ರವಾದಿ ಎಲೀಷ ಹೇಳಿಕಳುಹಿಸಿದಾಗ ಅವನಿಗೆ ಸಿಟ್ಟು ಬಂತು: ನಮ್ಮ ದಮಸ್ಕದ ನದಿಗಳೇನು ಕಡಿಮೆಯೇ? ಕೊನೆಗೆ ಸೇವಕರ ಮಾತು ಕೇಳಿ ನೀರಿಗಿಳಿದ. ಮೈ ಎಳೆಮಗುವಿನ ಮೈಯಂತಾಯಿತು. ಹಿಂತಿರುಗಿ ಬಂದು ಕಾಣಿಕೆ ನೀಡಹೋದರೆ ಎಲೀಷ ಏನನ್ನೂ ಮುಟ್ಟಲಿಲ್ಲ. ಆಗ ನಾಮಾನ ಕೇಳಿದ್ದು ವಿಚಿತ್ರವಾದದ್ದು: ಎರಡು ಹೇಸರಗತ್ತೆ ಹೊರುವಷ್ಟು ಈ ನೆಲದ ಮಣ್ಣು. ಇನ್ನು ಮುಂದೆ ಸರ್ವೇಶ್ವರನ ಹೊರತು ಬೇರೆ ಯಾರಿಗೂ ಬಲಿ ಅರ್ಪಿಸುವುದಿಲ್ಲ ಎಂದ.

ದೇವರ ಉಪಕಾರಕ್ಕೆ ಬೆಲೆ ಕಟ್ಟಿ ತೀರಿಸಲು ಆಗುವುದಿಲ್ಲ. ತೀರಿಸಿ ಕೈತೊಳೆದುಕೊಳ್ಳಲು ಹೊರಟವನಿಗೆ ಎಲೀಷ ಅವಕಾಶ ಕೊಡಲಿಲ್ಲ. ನೆನಪನ್ನು ಮಾತ್ರ ಹೊತ್ತೊಯ್ಯಬಹುದು. ನಾಮಾನ ಚಿನ್ನದ ಮೂಟೆ ತಂದು ಮಣ್ಣಿನ ಮೂಟೆ ಹೊತ್ತು ಹೋದ. ಮಣ್ಣಿನ ಬೆಲೆ ತಿಳಿದ ರೈತರಿಗೆ ಆ ಲೆಕ್ಕ ಅರ್ಥವಾಗುತ್ತದೆ.

ನಮ್ಮ ನೆಲಕ್ಕೂ ವಿಶ್ವಾಸ ಹೀಗೆಯೇ ಬಂತು, ಹೊರಗಿನವರ ಕೈಯಿಂದ. 17ನೆಯ ಶತಮಾನದ ನಡುವಿನಲ್ಲಿ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನನ್ನು ಆರಂಭಿಸಿದರು. ಅವರು ಕನ್ನಡ ಕಲಿತರು. ಧರ್ಮೋಪದೇಶವನ್ನು ಕನ್ನಡದಲ್ಲಿ ಬರೆದರು. ಸತ್ಯಮಂಗಲ ಸೀಮೆಯೂ ಆ ಮಿಷನ್ನಿನ ಕಾರ್ಯಕ್ಷೇತ್ರವಾಗಿತ್ತು. ಬೇರೆ ನಾಡಿನವರು ನಮ್ಮ ನುಡಿಯನ್ನು ಕಷ್ಟಪಟ್ಟು ಕಲಿತು ನಮಗೆ ಶುಭಸಂದೇಶ ಹೇಳಿದರು. ಅಕ್ಟೋಬರ್ ಧರ್ಮಪ್ರಸಾರದ ತಿಂಗಳು. ನಾವು ಹಾಕುವ ಕಾಣಿಕೆ ಆ ಸಾಲದ ನೆನಪು.

ಉಪದೇಶಿಯವರು ಕಲಿಸಿದ ಒಂದು ಪದ

ಇನ್ನು ನನ್ನದೇ ಒಂದು ವಿಷಯ ಹೇಳಬೇಕು. ಹೇಳದೆ ಈ ವಾಚನದ ಮೇಲೆ ಪ್ರಬೋಧನೆ ಬರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ.

ನನ್ನ ತಾಯಿನುಡಿ ತಮಿಳು. ಹೊಸ ಗುರುವಾಗಿ ಮೊದಲ ಸಲ ನಾನು ಈ ಬೆಟ್ಟದ ಮೇಲಕ್ಕೆ ಬಂದಾಗ ನನಗೆ ಕನ್ನಡ ಬರುತ್ತಿರಲಿಲ್ಲ. ಬಲಿಪೂಜೆಯ ಪುಸ್ತಕದ ಅಕ್ಷರಗಳ ಮೇಲೆ ತಮಿಳಿನಲ್ಲಿ ಬರೆದುಕೊಂಡು ಓದುತ್ತಿದ್ದೆ. ‘ಬಲಿ’ ನನ್ನ ಬಾಯಲ್ಲಿ ‘ಪಲಿ’ ಆಗುತ್ತಿತ್ತು. ‘ಹಬ್ಬ’ ‘ಅಪ್ಪ’ ಆಗುತ್ತಿತ್ತು. ಮಕ್ಕಳು ನಗು ತಡೆದುಕೊಳ್ಳಲು ಪಟ್ಟ ಕಷ್ಟ ನನಗೆ ಪೀಠದಿಂದಲೇ ಕಾಣುತ್ತಿತ್ತು. ಆಗ ಇಲ್ಲಿದ್ದ ಹಿರಿಯ ಉಪದೇಶಿಯವರು ದಿನವೂ ಸಂಜೆ ಜಪಸರ ಮುಗಿದ ಮೇಲೆ ಗುರುನಿವಾಸಕ್ಕೆ ಬಂದು ಒಂದು ಗಂಟೆ ನನಗೆ ಕನ್ನಡ ಕಲಿಸಿದರು. ಮಳೆಯಿರಲಿ, ಚಳಿಯಿರಲಿ, ಆನೆ ಬಂದಿದೆ ಎಂಬ ಸುದ್ದಿಯಿರಲಿ, ಕೈಯಲ್ಲಿ ಟಾರ್ಚು ಹಿಡಿದು ಬರುತ್ತಿದ್ದರು. ಅದಕ್ಕೆ ಸಂಬಳವಿರಲಿಲ್ಲ. ನಾನು ಕೊಡುತ್ತಿದ್ದದ್ದು ಒಂದು ಲೋಟ ಕಾಫಿ. ಇನ್ನೊಂದು ಸ್ವಲ್ಪ ಹಾಕಲೇ ಎಂದರೆ, “ಸಾಕು ಸಾಮಿ, ಸಾಕು” ಎನ್ನುತ್ತಿದ್ದರು.

ಒಂದು ದಿನ ಆ ಪದವನ್ನೇ ಪಾಠ ಮಾಡಿದರು. “ನೋಡಿ ಸಾಮಿ, ಲೋಟ ತುಂಬಿದಾಗ ಸಾಕು ಅಂತೀವಿ. ಮಗೀನ ಎತ್ತಿ ಬೆಳೆಸೋದಕ್ಕೂ ಸಾಕೋದು ಅಂತೀವಿ. ನಮ್ಮವ್ವ ನನ್ನ ಸಾಕಿದ್ಲು. ಸಾಕಿದೋರ ನೆಪ್ಪು ಇದ್ರೆ ಬಾಯಲ್ಲಿ ಸಾಕು ಅಂತ ಬತ್ತದೆ. ನೆಪ್ಪಿಲ್ದೋನಿಗೆ ಎಷ್ಟು ಕೊಟ್ರೂ ಸಾಲ್ದು.”

ನಾನು ಸೆಮಿನರಿಯಲ್ಲಿ ಕೃಪೆಯ ಬಗ್ಗೆ ದಪ್ಪ ದಪ್ಪ ಪುಸ್ತಕಗಳನ್ನು ಓದಿದ್ದೆ. ಅಷ್ಟು ಪುಟಗಳ ಸಾರವನ್ನು ಆ ಹಿರಿಯರು ಒಂದು ಪದದಲ್ಲಿ ಹೇಳಿ ಕಾಫಿ ಲೋಟ ತೊಳೆದಿಟ್ಟು ಹೋದರು. ಸಂತ ಪೌಲರಿಗೆ ಮೈಯಲ್ಲಿ ಮುಳ್ಳಿನಂತೆ ಒಂದು ಬಾಧೆ ಇತ್ತು. ಅದನ್ನು ತೆಗೆದುಹಾಕೆಂದು ಮೂರು ಸಲ ಬೇಡಿದಾಗ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು. ಆ ವಾಕ್ಯವನ್ನು ಕನ್ನಡದಲ್ಲಿ ಓದುವಾಗಲೆಲ್ಲ ನನಗೆ ಅವರ ದನಿ ಕೇಳಿಸುತ್ತದೆ.

ಕೆಲವು ವರ್ಷಗಳ ನಂತರ ನನಗೆ ಬೇರೆ ಧರ್ಮಕೇಂದ್ರಕ್ಕೆ ವರ್ಗವಾಯಿತು. ಹೊರಡುವ ದಿನದ ಗಡಿಬಿಡಿಯಲ್ಲಿ ಎಲ್ಲರಿಗೂ ಮೈಕಿನಲ್ಲಿ ಧನ್ಯವಾದ ಹೇಳಿದೆ. ಅವರ ಮನೆಗೆ ಹೋಗಿ ಕುಳಿತು ಎರಡು ಮಾತು ಹೇಳಬೇಕೆಂದಿದ್ದೆ, ಆಗಲಿಲ್ಲ. ಆಮೇಲೆ ಅವರಿಗೆ ಹುಷಾರಿಲ್ಲವೆಂದು ಫೋನು ಬಂತು. ಮುಂದಿನ ವಾರ ಬರುತ್ತೇನೆ ಎಂದೆ. ಶಾಲೆಯ ಕೆಲಸ, ಸಭೆ, ಹಬ್ಬ. ಮುಂದಿನ ವಾರ, ಅದರ ಮುಂದಿನ ವಾರ. ಕೊನೆಗೆ ಇನ್ನೊಂದು ಫೋನು ಬಂತು. ಅಂತ್ಯಕ್ರಿಯೆಗೂ ಸಮಯಕ್ಕೆ ತಲುಪಲು ಆಗಲಿಲ್ಲ.

ಅವರು ಕಲಿಸಿದ ಕನ್ನಡದಿಂದಲೇ ನಾನು ಪಾಪನಿವೇದನೆ ಕೇಳಿದ್ದೇನೆ, ಮಕ್ಕಳಿಗೆ ದೀಕ್ಷಾಸ್ನಾನ ಕೊಟ್ಟಿದ್ದೇನೆ, ಸಾಯುವವರ ಕಿವಿಯಲ್ಲಿ ಯೇಸುವಿನ ಹೆಸರು ಹೇಳಿದ್ದೇನೆ. ಆದರೆ ಅವರ ಕಣ್ಣೆದುರು ನಿಂತು ‘ನಿಮ್ಮ ಉಪಕಾರ ದೊಡ್ಡದು’ ಎಂದು ಒಮ್ಮೆಯೂ ಹೇಳಲಿಲ್ಲ. ಒಂಬತ್ತು ಜನ ಎಲ್ಲಿ ಎಂಬ ಯೇಸುವಿನ ಪ್ರಶ್ನೆಯನ್ನು ಈ ಭಾನುವಾರ ಪೀಠದಲ್ಲಿ ನಿಂತು ಓದುವಾಗ ಒಬ್ಬ ಎಲ್ಲಿದ್ದಾನೆಂದು ನನಗೆ ಗೊತ್ತು. ಅವನೇ ಓದುತ್ತಿದ್ದಾನೆ.

ಈಗ ಮತ್ತೆ ಈ ಧರ್ಮಕೇಂದ್ರಕ್ಕೆ ಬಂದ ಮೇಲೆ ಅವರ ಸಮಾಧಿಗೆ ಹೋಗಿ, ಅಲ್ಲಿಂದ ಅವರ ಮನೆಗೆ ಹೋದೆ. ನನ್ನ ತಪ್ಪನ್ನು ಅವರ ಪತ್ನಿಗೆ ಹೇಳಿದೆ. ಆ ತಾಯಿ ನಕ್ಕುಬಿಟ್ಟರು. “ಅಯ್ಯೋ ಬುಡಿ ಸಾಮಿ! ಭಾನುವಾರ ಮನೆಗೆ ಬಂದು ಎಷ್ಟು ಖುಷಿ ಪಡೋರು ಗೊತ್ತಾ? ‘ಇವತ್ತು ನಮ್ ಸಾಮಿ ಪ್ರಸಂಗದಲ್ಲಿ ಮೂರೇ ತಪ್ಪು ಮಾಡುದ್ರು’ ಅನ್ನೋರು.” ಹೀಗೆಂದು ರಾಗಿರೊಟ್ಟಿ ಹಾಕಿಕೊಟ್ಟರು. ನಾನು ಧನ್ಯವಾದದ ಲೆಕ್ಕ ಹಿಡಿದು ಹೋದರೆ, ಆ ಮನೆಯಲ್ಲಿ ಲೆಕ್ಕವೇ ಇರಲಿಲ್ಲ. ಸಂತೋಷ ಮಾತ್ರ ಇತ್ತು. ಕೊಡುವುದೇ ಸಂತೋಷವಾದವರಿಗೆ ಬಾಕಿ ಉಳಿಯುವುದಿಲ್ಲ. ಧನ್ಯವಾದ ಹೇಳದಿದ್ದರೆ ನಷ್ಟವಾಗುವುದು ಹೇಳದವನಿಗೆ. ನಮ್ಮ ಸ್ತುತಿಯಿಂದ ದೇವರ ಮಹಿಮೆಗೆ ಏನೂ ಹೆಚ್ಚುವುದಿಲ್ಲ, ಅದು ನಮ್ಮ ಉದ್ಧಾರಕ್ಕೆ ಸಹಾಯವಾಗುತ್ತದೆ ಎಂಬ ಅರ್ಥದ ಪ್ರಾರ್ಥನೆಯೊಂದು ನಮ್ಮ ಪೂಜಾವಿಧಿಯಲ್ಲಿದೆ. ಅದರ ಅರ್ಥ ಆ ದಿನ ತಿಳಿಯಿತು.

‘ಯಾವುದಕ್ಕೆ ಸ್ತೋತ್ರ ಹೇಳಲಿ?’

ಇಷ್ಟು ಓದಿದ ಮೇಲೆ ಕೆಲವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳಬಹುದು, ಏಳಲೇಬೇಕು. ಕಟಾವಿಗೆ ಬಂದ ರಾಗಿಯನ್ನು ರಾತ್ರಿ ಆನೆ ತುಳಿದುಹೋದ ಮನೆಯಲ್ಲಿ, ಕೋಸಿಗೆ ಬೆಲೆಯಿಲ್ಲದೆ ಹೊಲದಲ್ಲೇ ಬಿಟ್ಟವರ ಮನೆಯಲ್ಲಿ, ಕೃತಜ್ಞತೆಯ ಮಾತು ಹೇಗೆ ಆಡುವುದು? ಮಗನನ್ನು ರಸ್ತೆ ಅಪಘಾತದಲ್ಲಿ ಕಳೆದುಕೊಂಡ ಒಬ್ಬ ತಾಯಿ ನನ್ನನ್ನು ಕೇಳಿದ್ದರು: “ಎಲ್ಲದಕ್ಕೂ ಸ್ತೋತ್ರ ಹೇಳಿ ಅಂತೀರಲ್ಲ ಫಾದರ್, ಇದರಲ್ಲಿ ಯಾವುದಕ್ಕೆ ಹೇಳಲಿ?” ಆ ದಿನ ನನ್ನ ಬಳಿ ಉತ್ತರವಿರಲಿಲ್ಲ. ಉತ್ತರ ಕೊಡದೆ ಇದ್ದದ್ದೇ ಒಳ್ಳೆಯದಾಯಿತು.

ಸಂತ ಪೌಲರು ಥೆಸಲೋನಿಕದವರಿಗೆ ಬರೆಯುವಾಗ, ಎಲ್ಲ ಪರಿಸ್ಥಿತಿಯಲ್ಲೂ ಕೃತಜ್ಞತೆ ಸಲ್ಲಿಸಿರಿ ಎಂಬರ್ಥದ ಮಾತು ಹೇಳುತ್ತಾರೆ. ಎಲ್ಲ ಪರಿಸ್ಥಿತಿಯ ‘ಒಳಗೆ’ ಎಂದು ಅದರ ಅರ್ಥ. ಮಗ ಸತ್ತದ್ದಕ್ಕಾಗಿ ದೇವರನ್ನು ವಂದಿಸು ಎಂದು ಯಾವ ತಾಯಿಗೂ ಧರ್ಮಸಭೆ ಹೇಳುವುದಿಲ್ಲ. ಹಾಗೆ ಹೇಳಿದರೆ ಅದು ಕ್ರೌರ್ಯ. ಲಾಜರನ ಸಮಾಧಿಯ ಬಳಿ ಯೇಸುಸ್ವಾಮಿ ಮೊದಲು ಕಣ್ಣೀರಿಟ್ಟರು, ಆಮೇಲೆ ಕಣ್ಣೆತ್ತಿ ತಂದೆಗೆ ವಂದನೆ ಹೇಳಿದರು. ಕ್ರಮವನ್ನು ಗಮನಿಸಿ. ಅಳುವುದು ಅವಿಶ್ವಾಸವಲ್ಲ. ದೂರ ನಿಂತು ಹತ್ತು ಜನ ಕೂಗಿದ ಕೂಗೂ ಪ್ರಾರ್ಥನೆಯೇ. ಅದಕ್ಕೇ ನಮ್ಮ ಬಲಿಪೂಜೆಯಲ್ಲಿ ದಯೆ ಬೇಡುವ ಪ್ರಾರ್ಥನೆ ಮೊದಲು, ಮಹಿಮೆಯ ಗೀತೆ ಆಮೇಲೆ.

ಹಾಗೆಯೇ, ಕೃತಜ್ಞತೆ ಎಂದರೆ ಅನ್ಯಾಯ ಸಹಿಸಿ ಬಾಯಿ ಮುಚ್ಚಿಕೊಂಡಿರುವುದು ಎಂದೂ ತಿಳಿಯಬೇಡಿ. ಬೆಳೆ ಹಾನಿಗೆ ಪರಿಹಾರದ ಅರ್ಜಿ ಬರೆಯಿರಿ, ಒಟ್ಟಾಗಿ ಹೋಗಿ ಕೇಳಿರಿ. ದೇವರಿಗೆ ಋಣಿಯಾದವನು ಮನುಷ್ಯರ ಮುಂದೆ ಕುಗ್ಗಬೇಕಾಗಿಲ್ಲ.

ಆ ತಾಯಿ ಒಂದು ವರ್ಷದ ನಂತರ ಮಗನ ವರ್ಷದ ಪೂಜೆಗೆ ಹೇಳಲು ಬಂದರು. ಆತ್ಮಶಾಂತಿಗಾಗಿ ಎಂದು ಬರೆದುಕೊಳ್ಳಲು ಪೆನ್ನು ತೆಗೆದೆ. ತಡೆದರು. “ಅದರ ಜೊತೆಗೆ ಕೃತಜ್ಞತೆಗಾಗಿ ಅಂತಾನೂ ಬರೀರಿ ಫಾದರ್. ಹತ್ತೊಂಬತ್ತು ವರ್ಷ ನನ್ನ ಮಗನಾಗಿದ್ದ. ಅದನ್ನ ಯಾರೂ ಕಿತ್ಕೊಳ್ಳೋಕೆ ಆಗಲ್ಲ.” ಹೇಳುವಾಗ ಅವರು ಅಳುತ್ತಲೇ ಇದ್ದರು. ಅವರ ಸಾವಿನ ದುಃಖ ಮುಗಿದಿರಲಿಲ್ಲ, ಇವತ್ತಿಗೂ ಮುಗಿದಿಲ್ಲ. ಆದರೆ ಆ ದುಃಖದ ಒಳಗೆ ನಿಂತು ಕೊಟ್ಟವರ ಕಡೆಗೆ ತಿರುಗಿದರು. ಹತ್ತನೆಯ ಕುಷ್ಠರೋಗಿ ಹಿಂತಿರುಗಿದ್ದನ್ನು ನಾನು ಕಣ್ಣಾರೆ ಕಂಡದ್ದು ಅಂದು.

ಅಂಗೈಯಲ್ಲಿ ಮೂರು ಹನಿ

ಎರಡನೆಯ ವಾಚನದಲ್ಲಿ ಸಂತ ಪೌಲರು ಅಪರಾಧಿಯಂತೆ ಬೇಡಿ ತೊಟ್ಟು, ದೇವರ ವಾಕ್ಯಕ್ಕೆ ಮಾತ್ರ ಬೇಡಿಯಿಲ್ಲ ಎನ್ನುತ್ತಾರೆ. ನಮ್ಮ ಕಾಲದಲ್ಲಿ ಇದನ್ನು ಬಾಳಿ ತೋರಿಸಿದವರು ವಿಯೆಟ್ನಾಮಿನ ಫ್ರಾನ್ಸಿಸ್ ಕ್ಸೇವಿಯರ್ ನ್ಗುಯೆನ್ ವಾನ್ ಥುವಾನ್. 1975ರ ಏಪ್ರಿಲಿನಲ್ಲಿ ಅವರನ್ನು ಸೈಗಾನಿನ ಸಹಾಯಕ ಮಹಾಧರ್ಮಾಧ್ಯಕ್ಷರಾಗಿ ನೇಮಿಸಲಾಯಿತು. ಅದೇ ವರ್ಷ ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದ ದಿನ, ಅವರ ಬಂಧನವಾಯಿತು. ವಿಚಾರಣೆಯಿಲ್ಲದೆ 13 ವರ್ಷ ಸೆರೆಯಲ್ಲಿದ್ದರು; ಅದರಲ್ಲಿ 9 ವರ್ಷ ಒಂಟಿ ಕೋಣೆಯಲ್ಲಿ.

ಸೆರೆಯಿಂದ ಅಗತ್ಯ ವಸ್ತುಗಳಿಗಾಗಿ ಪತ್ರ ಬರೆಯಲು ಅನುಮತಿ ಸಿಕ್ಕಾಗ, ಹೊಟ್ಟೆನೋವಿಗೆ ಮದ್ದಾಗಿ ಸ್ವಲ್ಪ ದ್ರಾಕ್ಷಾರಸ ಕಳುಹಿಸಿರಿ ಎಂದು ಕೇಳಿಕೊಂಡರು. ಭಕ್ತರಿಗೆ ಅರ್ಥವಾಯಿತು, ಹೊಟ್ಟೆನೋವಿನ ಮದ್ದು ಎಂದು ಚೀಟಿ ಅಂಟಿಸಿ ಕಳುಹಿಸಿದರು. ಅಂದಿನಿಂದ ಅವರು ದಿನವೂ ಅಂಗೈಯನ್ನೇ ಪಾತ್ರೆ ಮಾಡಿಕೊಂಡು, ಮೂರು ಹನಿ ದ್ರಾಕ್ಷಾರಸ, ಒಂದು ಹನಿ ನೀರಿನಲ್ಲಿ ಬಲಿಪೂಜೆ ಅರ್ಪಿಸಿದರು. ಕೃತಜ್ಞತಾಸ್ತುತಿ ಎಂಬ ಹೆಸರಿನ ಆ ಪೂಜೆಯನ್ನು ಕತ್ತಲ ಕೋಣೆಯಲ್ಲಿ ನಿಂತು ಅರ್ಪಿಸಿದರು. ಅವೇ ತಮ್ಮ ಬದುಕಿನ ಅತ್ಯಂತ ಸುಂದರ ಪೂಜೆಗಳೆಂದು ಆಮೇಲೆ ನೆನೆದುಕೊಂಡರು. ಕಾವಲುಗಾರರನ್ನು ದ್ವೇಷಿಸಲಿಲ್ಲ, ಸ್ನೇಹದಿಂದ ಕಂಡರು. ಮರದ ತುಂಡಿನಿಂದ ಶಿಲುಬೆಯನ್ನೂ ವಿದ್ಯುತ್ ತಂತಿಯಿಂದ ಸರಪಣಿಯನ್ನೂ ಮಾಡಿಕೊಳ್ಳಲು ಆ ಕಾವಲುಗಾರರೇ ನೆರವಾದರು. 1988ರ ನವೆಂಬರ್ 21ರಂದು ಬಿಡುಗಡೆಯಾಯಿತು. 2001ರಲ್ಲಿ ಕಾರ್ಡಿನಲ್ ಆದರು. 2002ರಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು.

ಅವರಿಗೆ ಇದ್ದದ್ದು ಮೂರು ಹನಿ. ‘ಸಾಕು’ ಎಂದರು. ಅದಕ್ಕೆ ಕಾರಣವೂ ಇದೆ. ಪರಮಪ್ರಸಾದವನ್ನು ಸ್ಥಾಪಿಸುವಾಗ ಯೇಸುಸ್ವಾಮಿ ರೊಟ್ಟಿಯನ್ನು ಕೈಗೆತ್ತಿಕೊಂಡು ದೇವರಿಗೆ ವಂದನೆ ಸಲ್ಲಿಸಿದ್ದು ಎಲ್ಲವೂ ಚೆನ್ನಾಗಿದ್ದ ದಿನದಲ್ಲಲ್ಲ, ತಮ್ಮವನೇ ತಮ್ಮನ್ನು ಹಿಡಿದುಕೊಟ್ಟ ರಾತ್ರಿಯಲ್ಲಿ. ಕ್ರೈಸ್ತರ ಕೃತಜ್ಞತೆ ಆ ರಾತ್ರಿಯಲ್ಲಿ ಹುಟ್ಟಿದ್ದು. ಆದ್ದರಿಂದ ನಮ್ಮ ಯಾವ ರಾತ್ರಿಗೂ ಅದು ಹೆದರಬೇಕಾಗಿಲ್ಲ.

ಈ ವಾರ ನಾವು ಮಾಡಬಹುದಾದದ್ದು

ಪೋಪ್ ಫ್ರಾನ್ಸಿಸ್‌ರವರು ಕುಟುಂಬಗಳಿಗೆ ಮೂರು ಮಾತುಗಳನ್ನು ಮತ್ತೆ ಮತ್ತೆ ನೆನಪಿಸುತ್ತಿದ್ದರು: ದಯವಿಟ್ಟು, ಧನ್ಯವಾದ, ಕ್ಷಮಿಸಿ. ‘ಮನೆಯವರಿಗೆ ಯಾರಾದರೂ ಥ್ಯಾಂಕ್ಸ್ ಹೇಳುತ್ತಾರೆಯೇ?’ ಎಂದು ನೀವು ನಗಬಹುದು. ನಮ್ಮಲ್ಲಿ ಆ ಪದದ ರೂಢಿ ಕಡಿಮೆ, ನಿಜ. ಆದರೆ ನಮ್ಮ ಅಜ್ಜಿಯರು ಉಂಡೆದ್ದ ಮೇಲೆ ಬಡಿಸಿದವಳಿಗೆ ‘ನಿನ್ನ ಹೊಟ್ಟೆ ತಣ್ಣಗಿರಲಿ ಕಣವ್ವಾ’ ಎನ್ನುತ್ತಿದ್ದರಲ್ಲ? ಅದಕ್ಕಿಂತ ಒಳ್ಳೆಯ ಧನ್ಯವಾದ ಯಾವ ಭಾಷೆಯಲ್ಲಿದೆ? ಉಂಡ ಮನೆಗೆ ಎರಡು ಬಗೆಯಬಾರದು ಎಂದು ಕಲಿಸಿದ ನುಡಿ ನಮ್ಮದು. ಆ ನುಡಿಯನ್ನು ಬಳಕೆಯಲ್ಲಿ ಇಟ್ಟುಕೊಳ್ಳೋಣ.

ಮೊದಲನೆಯದು: ಈ ವಾರ ಒಂದು ದಿನ, ನಿಮ್ಮನ್ನು ಸಾಕಿದ, ಕಲಿಸಿದ, ಕಷ್ಟದಲ್ಲಿ ಕೈಹಿಡಿದ ಒಬ್ಬರನ್ನು ಹುಡುಕಿಕೊಂಡು ಹೋಗಿ. ಫೋನಲ್ಲಿ ಮುಗಿಸಬೇಡಿ, ಸಾಧ್ಯವಿದ್ದರೆ ನಡೆದು ಹೋಗಿ. ಸಮಾರಿಯದವನು ಹಿಂದಕ್ಕೆ ನಡೆದು ಬಂದ. ಅವರು ಈಗ ಇಲ್ಲವಾದರೆ ಸಮಾಧಿಯ ಬಳಿ ಒಂದು ಮೇಣದ ಬತ್ತಿ ಹಚ್ಚಿ. ನವೆಂಬರ್ 2ರ ಮೃತರ ಸ್ಮರಣೆಯವರೆಗೆ ಕಾಯಬೇಡಿ. ನಾನು ಕಾದು ಕಳೆದುಕೊಂಡವನು.

ಎರಡನೆಯದು: ರಾತ್ರಿ ಮನೆಯ ಜಪಸರ ಮುಗಿದ ಮೇಲೆ ಪ್ರತಿಯೊಬ್ಬರೂ ಆ ದಿನದ ಒಂದು ಉಪಕಾರವನ್ನು ಹೆಸರಿಟ್ಟು ಹೇಳಿ. ಚಿಕ್ಕದಾದರೂ ಸರಿ. ಮಕ್ಕಳು ಮೊದಲು ಹೇಳಲಿ. ಅವರಿಗೆ ದೊಡ್ಡವರಿಗಿಂತ ಬೇಗ ಕಾಣುತ್ತದೆ.

ಮೂರನೆಯದು: ನಿಮ್ಮ ಭಾಷೆಯವರಲ್ಲದ ಒಂದು ಕುಟುಂಬ ನಿಮ್ಮ ಕಷ್ಟದಲ್ಲಿ ಜೊತೆಗಿದ್ದದ್ದನ್ನು ನೆನೆದು, ಅವರನ್ನು ಒಂದು ಹೊತ್ತಿನ ಊಟಕ್ಕೆ ಕರೆಯಿರಿ. ಹಬ್ಬದ ಪೂಜೆಯ ಭಾಷೆಯ ಮಾತು ಆ ಊಟದ ನಂತರ ಆಡೋಣ. ಹಸಿದ ಹೊಟ್ಟೆಗಿಂತ ತಣ್ಣಗಿರುವ ಹೊಟ್ಟೆಯಲ್ಲಿ ಒಳ್ಳೆಯ ತೀರ್ಮಾನಗಳಾಗುತ್ತವೆ.

ಕೊನೆಯದಾಗಿ, ಪಾದಕ್ಕೆ ಬಿದ್ದವನನ್ನು ಯೇಸು ಅಲ್ಲೇ ಇಟ್ಟುಕೊಳ್ಳಲಿಲ್ಲ. ಎದ್ದು ಹೋಗು ಎಂದರು. ನಾವೂ ಪ್ರತಿ ಬಲಿಪೂಜೆಯ ಕೊನೆಯಲ್ಲಿ ಕಳುಹಿಸಲ್ಪಡುತ್ತೇವೆ, ದೇವರಿಗೆ ವಂದನೆ ಎಂದು ಉತ್ತರಿಸಿ ಹೊರಡುತ್ತೇವೆ. ಹೊರಗೆ ಅದೇ ಗಡಿ, ಅದೇ ಹೊಲ, ಅದೇ ಸಾಲ ಕಾದಿರುತ್ತದೆ. ಆದರೆ ಹಿಂತಿರುಗಿ ಬಂದು ಹೋಗುವವನ ನಡಿಗೆ ಬೇರೆ.

ಪ್ರಾರ್ಥಿಸೋಣ: ದಯಾಮಯ ತಂದೆಯೇ, ನೀವು ನಮ್ಮನ್ನು ಸಾಕಿದಿರಿ, ನಾವು ಮರೆತೆವು. ದೂರ ನಿಂತು ಕೂಗಿದಾಗ ಕೇಳಿದಿರಿ; ಹತ್ತಿರ ಬಂದು ಹೇಳಬೇಕಾದ ಮಾತನ್ನು ನಾವು ಮುಂದಕ್ಕೆ ಹಾಕಿದೆವು. ನಮಗೆ ನೆನಪು ಕೊಡಿ, ಹಿಂತಿರುಗುವ ಕಾಲು ಕೊಡಿ. ಅಳುವವರ ಜೊತೆ ನಿಲ್ಲಿರಿ, ಅವರಿಗೆ ಅವಸರ ಮಾಡಬೇಡಿ. ಬೇರೆ ಬೇರೆ ನುಡಿಯ ನಾವೆಲ್ಲರೂ ಒಂದೇ ರೊಟ್ಟಿಯನ್ನು ಹಂಚಿಕೊಂಡು, ನಿಮ್ಮ ಕೃಪೆ ನಮಗೆ ಸಾಕು ಎಂದು ಸಂತೋಷದಿಂದ ಹೇಳುವಂತೆ ಮಾಡಿ. ನಮ್ಮ ಪ್ರಭು ಯೇಸುಕ್ರಿಸ್ತರ ಮೂಲಕ ಬೇಡುತ್ತೇವೆ. ಆಮೆನ್.

– ನಿಮ್ಮ ಧರ್ಮಕೇಂದ್ರದ ಗುರು